ಭೇಟಿ ತಪ್ಪಿದಾಗ ಯಾರನ್ನು ಕೇಳಬೇಕು?

ಇಂಗ್ಲೆಂಡ್‌ನಲ್ಲಿ ಮಗು ಕೌನ್ಸಿಲ್‌ನ ಆರೈಕೆಗೆ ಹೋದ ಮೇಲೂ ಅಪ್ಪ ಅಮ್ಮನ ಜತೆಗಿನ ಅದರ ಒಡನಾಟ ಉಳಿಯಬೇಕು ಎನ್ನುತ್ತದೆ ಕಾನೂನು. ಆ ಒಡನಾಟ ಕಚೇರಿಯ ಅಸಡ್ಡೆಯಿಂದ ಕಡಿದುಹೋಗುತ್ತಿದ್ದರೆ ದೂರು ಕೊಡಲು ದಾರಿಗಳಿವೆ. ಯಾವ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದು ಮೊದಲೇ ಗೊತ್ತಿರಬೇಕು.

ಇಂಗ್ಲೆಂಡ್‌ನಲ್ಲಿ ಇಂದು 80 ಸಾವಿರಕ್ಕೂ ಹೆಚ್ಚು ಮಕ್ಕಳು ಸ್ಥಳೀಯ ಕೌನ್ಸಿಲ್‌ಗಳ ಆರೈಕೆಯಲ್ಲಿ ಬೆಳೆಯುತ್ತಿದ್ದಾರೆ. ಹೆಚ್ಚಿನವರು ಇರುವುದು ಫಾಸ್ಟರ್ ಕುಟುಂಬಗಳಲ್ಲಿ. ಹೆತ್ತವರನ್ನು ಅವರು ಕಾಣುವುದು ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿನಲ್ಲಿ. ಅದಕ್ಕೆಂದೇ ಕಾಂಟ್ಯಾಕ್ಟ್ ಸೆಂಟರ್‌ಗಳಿವೆ. ಆಟದ ಸಾಮಾನು ಹರಡಿದ ಒಂದು ಕೋಣೆ, ಅಲ್ಲೇ ಕುಳಿತು ನಡೆದದ್ದನ್ನೆಲ್ಲ ಬರೆದುಕೊಳ್ಳುವ ಒಬ್ಬ ಮೇಲ್ವಿಚಾರಕಿ, ಒಂದೋ ಎರಡೋ ಗಂಟೆಯ ಸಮಯ. ವಾರವಿಡೀ ಆ ಗಂಟೆಗಾಗಿ ಕಾದ ತಾಯಿಗೆ ಒಂದು ದಿನ ಫೋನ್ ಬರುತ್ತದೆ: ಮೇಲ್ವಿಚಾರಕಿಗೆ ಹುಷಾರಿಲ್ಲ, ಇವತ್ತಿನ ಭೇಟಿ ಇಲ್ಲ. ಮುಂದಿನ ವಾರ ಮಗುವನ್ನು ಕರೆತರಬೇಕಿದ್ದ ಟ್ಯಾಕ್ಸಿ ಬರುವುದಿಲ್ಲ. ಅದರ ಮುಂದಿನ ವಾರ ಸೋಷಿಯಲ್ ವರ್ಕರ್ ರಜೆಯ ಮೇಲಿರುತ್ತಾರೆ, ಅವರ ಬದಲಿಗೆ ಯಾರೆಂದು ಯಾರಿಗೂ ತಿಳಿದಿರುವುದಿಲ್ಲ.

ಭೇಟಿ ನಿಲ್ಲಿಸಬೇಕೆಂದು ಇಲ್ಲಿ ಯಾರೂ ತೀರ್ಮಾನಿಸಿಲ್ಲ. ಆದರೂ ಭೇಟಿ ನಿಂತಿದೆ. ತೀರ್ಮಾನ ಇದ್ದಿದ್ದರೆ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಿತ್ತು. ತೀರ್ಮಾನವೇ ಇಲ್ಲದೆ ಸವೆದುಹೋಗುವುದನ್ನು ಪ್ರಶ್ನಿಸುವುದು ಕಷ್ಟ. ದೂರಿನ ವ್ಯವಸ್ಥೆ ಇರುವುದೇ ಇಂಥ ಸವೆತವನ್ನು ಹಿಡಿದು ತೋರಿಸಲು.

ಕೌನ್ಸಿಲ್‌ಗೆ ಈ ಅಧಿಕಾರ ಬಂದ ಬಗೆ

ನಮ್ಮಲ್ಲಿ ಪಾಲಿಕೆ ಎಂದರೆ ರಸ್ತೆ, ಕಸ, ಕಂದಾಯ. ಇಂಗ್ಲೆಂಡ್‌ನ ದೊಡ್ಡ ಕೌನ್ಸಿಲ್‌ಗಳಿಗೆ ಇವುಗಳ ಜತೆಗೆ ಮಕ್ಕಳ ರಕ್ಷಣೆಯ ಹೊಣೆಯೂ ಇದೆ. ಮಗುವಿಗೆ ಗಂಭೀರ ಹಾನಿ ಆಗಿದೆ ಅಥವಾ ಆಗುವ ಸಂಭವವಿದೆ, ಅದಕ್ಕೆ ಕಾರಣ ಪಾಲನೆಯಲ್ಲಿನ ಕೊರತೆ ಎಂದು ಕೌನ್ಸಿಲ್ ಸಾಬೀತುಪಡಿಸಿದರೆ, 1989ರ ಮಕ್ಕಳ ಕಾಯ್ದೆಯ 31ನೇ ಸೆಕ್ಷನ್ ಅಡಿ ಕೌಟುಂಬಿಕ ನ್ಯಾಯಾಲಯ ಕೇರ್ ಆರ್ಡರ್ ಹೊರಡಿಸಬಹುದು. ಆಗ ಪೋಷಕರ ಹೊಣೆಗಾರಿಕೆಯಲ್ಲಿ ಕೌನ್ಸಿಲ್ ಕೂಡ ಪಾಲುದಾರ. ಹೆತ್ತವರ ಹೊಣೆಗಾರಿಕೆ ಅಳಿದುಹೋಗುವುದಿಲ್ಲ, ಆದರೆ ಅದನ್ನು ಎಷ್ಟರ ಮಟ್ಟಿಗೆ ಚಲಾಯಿಸಬಹುದು ಎಂಬುದನ್ನು ಕೌನ್ಸಿಲ್ ಮಿತಿಗೊಳಿಸಬಲ್ಲದು.

ಈ ಕಾಯ್ದೆಗೆ ಮೊದಲು ಆರೈಕೆಯಲ್ಲಿದ್ದ ಮಗುವನ್ನು ನೋಡುವ ವಿಚಾರದಲ್ಲಿ ಅಪ್ಪ ಅಮ್ಮನ ಕೈ ತೀರಾ ಬಲಹೀನವಾಗಿತ್ತು. 1987ರ ಜುಲೈ 8ರಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಬ್ರಿಟನ್ನಿನ ವಿರುದ್ಧದ ಐದು ಪ್ರಕರಣಗಳಲ್ಲಿ ಒಂದೇ ದಿನ ತೀರ್ಪು ಕೊಟ್ಟಿತು. ಹೆತ್ತವರ ಹೆಸರನ್ನು ಒಂದೊಂದು ಅಕ್ಷರದಲ್ಲಿ ಮರೆಮಾಡಿದ ಪ್ರಕರಣಗಳವು. ‘ಡಬ್ಲ್ಯೂ’ ಪ್ರಕರಣದಲ್ಲಿ ಸ್ಥಳೀಯ ಆಡಳಿತ ಮಗುವಿನ ಭವಿಷ್ಯವನ್ನೂ ಭೇಟಿಯನ್ನೂ ಕುರಿತು ತೆಗೆದುಕೊಂಡ ತೀರ್ಮಾನಗಳಲ್ಲಿ ಹೆತ್ತವರನ್ನು ಸಾಕಷ್ಟು ಒಳಗೊಂಡಿರಲಿಲ್ಲ, ಆ ತೀರ್ಮಾನವನ್ನು ಪ್ರಶ್ನಿಸಲು ಅವರಿಗೆ ತಕ್ಕ ನ್ಯಾಯಪೀಠವೂ ಇರಲಿಲ್ಲ ಎಂದು ನ್ಯಾಯಾಲಯ ಕಂಡುಕೊಂಡಿತು. ತೀರ್ಮಾನ ಸರಿಯೋ ತಪ್ಪೋ ಎಂಬುದಕ್ಕಿಂತ ಅದನ್ನು ಯಾವ ರೀತಿ ತೆಗೆದುಕೊಂಡರು ಎಂಬುದನ್ನು ಆ ತೀರ್ಪು ತೂಗಿತು. ಕುಟುಂಬದ ಬದುಕಿಗೆ ಗೌರವ ಎಂಬ ಹಕ್ಕಿನೊಳಗೆ ನ್ಯಾಯವಾದ ನಡಾವಳಿಯೂ ಸೇರಿದೆ ಎಂಬುದು ಅಲ್ಲಿಂದ ಸ್ಪಷ್ಟವಾಯಿತು.

ಅದೇ ವರ್ಷ ಇಂಗ್ಲೆಂಡ್‌ನ ಈಶಾನ್ಯ ಭಾಗದ ಕ್ಲೀವ್‌ಲ್ಯಾಂಡ್‌ನಲ್ಲಿ ಕೆಲವೇ ತಿಂಗಳಲ್ಲಿ 121 ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ವೈದ್ಯರು ನಿದಾನ ಮಾಡಿದರು. ಹಲವು ಮಕ್ಕಳನ್ನು ಮನೆಯಿಂದ ಬೇರ್ಪಡಿಸಲಾಯಿತು. ಎಲಿಜಬೆತ್ ಬಟ್ಲರ್-ಸ್ಲಾಸ್ ನೇತೃತ್ವದ ವಿಚಾರಣೆಯ ವರದಿ 1988ರಲ್ಲಿ ಹೊರಬಂತು. ಮಕ್ಕಳನ್ನು ಕಾಪಾಡುವ ಅವಸರದಲ್ಲಿ ಮಕ್ಕಳನ್ನೂ ಹೆತ್ತವರನ್ನೂ ನಡೆಸಿಕೊಂಡ ರೀತಿ ದೇಶದ ಚರ್ಚೆಯಾಯಿತು. ಈ ಎಲ್ಲದರ ನೆರಳಿನಲ್ಲೇ 1989ರ ಕಾಯ್ದೆ ರೂಪುಗೊಂಡು 1991ರ ಅಕ್ಟೋಬರ್ 14ರಂದು ಜಾರಿಗೆ ಬಂತು.

ಏಳು ದಿನದ ಗೆರೆ

ಭೇಟಿಗೆ ಸಂಬಂಧಿಸಿದ ಮುಖ್ಯ ಸೆಕ್ಷನ್ 34ನೆಯದು. ಕೇರ್ ಆರ್ಡರ್ ಇರುವ ಮಗುವಿಗೆ ತಂದೆ ತಾಯಿಯ ಜತೆ ತಕ್ಕಮಟ್ಟಿನ ಒಡನಾಟಕ್ಕೆ ಕೌನ್ಸಿಲ್ ಅವಕಾಶ ಮಾಡಿಕೊಡಲೇಬೇಕು ಎನ್ನುತ್ತದೆ ಅದು. ಮಗುವಿನ ಕ್ಷೇಮಕ್ಕೆ ತುರ್ತಾಗಿ ಅಗತ್ಯವೆನಿಸಿದರೆ ಕೌನ್ಸಿಲ್ ತಾನಾಗಿಯೇ ಭೇಟಿಯನ್ನು ನಿರಾಕರಿಸಬಹುದು, ಆದರೆ ಹೆಚ್ಚೆಂದರೆ ಏಳು ದಿನ. ಆಗಲೂ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು. ಏಳು ದಿನ ದಾಟಿದರೆ ನ್ಯಾಯಾಲಯದ ಅನುಮತಿ ಬೇಕು. ಭೇಟಿ ಸಾಲದು ಎನಿಸಿದರೆ ಹೆತ್ತವರೂ ಮಗುವೂ ಇದೇ ಸೆಕ್ಷನ್ ಅಡಿ ನ್ಯಾಯಾಲಯಕ್ಕೆ ಹೋಗಬಹುದು. ಅರ್ಜಿ ತಿರಸ್ಕೃತವಾದರೆ, ಅನುಮತಿಯಿಲ್ಲದೆ ಆರು ತಿಂಗಳು ಮತ್ತೆ ಅದೇ ಅರ್ಜಿ ಹಾಕುವಂತಿಲ್ಲ.

ಕಾಯ್ದೆಯ 2ನೇ ಅನುಸೂಚಿಯಲ್ಲಿ ಇನ್ನೂ ಎರಡು ಮಾತುಗಳಿವೆ. ಹೆತ್ತವರು ಮಾತ್ರವಲ್ಲ, ಬಂಧುಗಳು, ಗೆಳೆಯರು, ಮಗುವಿಗೆ ಬೇಕಾದವರು ಎಲ್ಲರೊಡನೆಯೂ ಒಡನಾಟ ಉಳಿಸಲು ಕೌನ್ಸಿಲ್ ಯತ್ನಿಸಬೇಕು. ಅದು ಮಗುವಿನ ಹಿತಕ್ಕೆ ವಿರುದ್ಧವಾಗದಿದ್ದರೆ, ನಡೆಸಲು ಸಾಧ್ಯವಿದ್ದರೆ ಸಾಕು. ಎರಡನೆಯದಾಗಿ, ಖರ್ಚು ಭರಿಸಲಾಗದೆ ಭೇಟಿ ತಪ್ಪುವಂತಿದ್ದರೆ ಪ್ರಯಾಣದ ಹಣವನ್ನು ಕೌನ್ಸಿಲ್ ಕೊಡಬಹುದು. ಎರಡು ಬಸ್ಸು, ಒಂದು ರೈಲು ಹಿಡಿದು ಮಗುವನ್ನು ನೋಡಲು ಹೋಗುವ ಬಡ ತಾಯಿಗೆ ಈ ಸಾಲು ತಿಳಿದಿರುವುದು ಬಹಳ ಮುಖ್ಯ.

ಮಗು 20ನೇ ಸೆಕ್ಷನ್ ಅಡಿ, ಅಂದರೆ ಹೆತ್ತವರ ಒಪ್ಪಿಗೆಯಿಂದ ಕೌನ್ಸಿಲ್‌ನ ಆಸರೆಯಲ್ಲಿದ್ದರೆ ಲೆಕ್ಕ ಬೇರೆ. ಅಲ್ಲಿ 34ನೇ ಸೆಕ್ಷನ್ ಅನ್ವಯಿಸುವುದಿಲ್ಲ, ಕೌನ್ಸಿಲ್‌ಗೆ ಪೋಷಕರ ಹೊಣೆಗಾರಿಕೆಯೂ ಬರುವುದಿಲ್ಲ. ಅಲ್ಲಿ ಭೇಟಿಯನ್ನು ತಾನೇ ಅಪ್ಪಣೆ ಕೊಟ್ಟಂತೆ ಕೌನ್ಸಿಲ್ ಮಿತಿಗೊಳಿಸುತ್ತಿದ್ದರೆ, ಯಾವ ಅಧಿಕಾರದಿಂದ ಎಂದು ಕೇಳಬೇಕು.

ಯಾವ ಬಾಗಿಲು ತಟ್ಟಬೇಕು

ನೊಂದ ಹೆತ್ತವರು ಹೆಚ್ಚು ಕಾಲ ಕಳೆದುಕೊಳ್ಳುವುದು ಇಲ್ಲೇ. ‘ನನ್ನ ಮಗುವನ್ನು ಕೊಡಿ’ ಎಂಬುದು ನ್ಯಾಯಾಲಯಕ್ಕೆ ಹೇಳಬೇಕಾದ ಮಾತು. ‘ವಾರಕ್ಕೆ ಒಂದು ಭೇಟಿ ಸಾಲದು, ಮೂರು ಬೇಕು’ ಎಂಬುದನ್ನೂ ಕೊನೆಗೆ ತೀರ್ಮಾನಿಸುವುದು ನ್ಯಾಯಾಲಯವೇ. ‘ಒಪ್ಪಿಕೊಂಡ ಭೇಟಿಗಳನ್ನು ರದ್ದು ಮಾಡಿದಿರಿ, ಕಾರಣ ಬರೆದು ತಿಳಿಸಲಿಲ್ಲ, ಬದಲಿ ದಿನ ಕೊಡಲಿಲ್ಲ’ ಎಂಬುದು ದೂರು. ನ್ಯಾಯಾಧೀಶರ ಆದೇಶವನ್ನು ದೂರಿನ ಮೂಲಕ ಬದಲಿಸಲಾಗದು. ಕೌನ್ಸಿಲ್ ಆ ಆದೇಶವನ್ನು ಪಾಲಿಸಿತೋ ಇಲ್ಲವೋ ಎಂಬುದನ್ನು ದೂರಿನಲ್ಲಿ ಧಾರಾಳವಾಗಿ ಕೇಳಬಹುದು.

ಮೊಕದ್ದಮೆ ನಡೆಯುತ್ತಿರುವಾಗಲೇ ದೂರು ಕೊಟ್ಟರೆ, ಅದರ ತನಿಖೆ ಮೊಕದ್ದಮೆಗೆ ಧಕ್ಕೆ ತರುತ್ತದೆ ಎನಿಸಿದಲ್ಲಿ ಕೌನ್ಸಿಲ್ ಅದನ್ನು ತಡೆಹಿಡಿಯಬಹುದು. ಆದರೆ ಅದು ದೂರಿನ ಅಂತ್ಯವಲ್ಲ. ಮೊಕದ್ದಮೆ ಮುಗಿದ ಒಂದು ವರ್ಷದೊಳಗೆ ಅದನ್ನು ಮತ್ತೆ ಎತ್ತಬಹುದು.

ಗಂಡ ಹೆಂಡತಿ ಬೇರೆಯಾಗಿ ಮಗು ಒಬ್ಬರ ಬಳಿ ಇರುವ ಸಂದರ್ಭ ಇನ್ನೊಂದು ಬಗೆಯದು. ಮಗು ಯಾರನ್ನು ಯಾವಾಗ ಕಾಣಬೇಕೆಂದು ಅಲ್ಲಿ 8ನೇ ಸೆಕ್ಷನ್ ಅಡಿ ನ್ಯಾಯಾಲಯವೇ ಹೇಳುತ್ತದೆ. ಅದಕ್ಕೆ ಮುನ್ನ ವರದಿ ಕೇಳುವುದುಂಟು. ಆ ವರದಿಯನ್ನು ಕೌನ್ಸಿಲ್‌ನ ಸೋಷಿಯಲ್ ವರ್ಕರ್ ಬರೆಯಬಹುದು, ಇಲ್ಲವೇ ಮಕ್ಕಳ ವಿಚಾರದಲ್ಲಿ ಕೌಟುಂಬಿಕ ನ್ಯಾಯಾಲಯಕ್ಕೆ ಸಲಹೆ ಕೊಡಲು 2001ರಲ್ಲಿ ಹುಟ್ಟಿದ ಕಾಫ್ಕಾಸ್ ಸಂಸ್ಥೆಯ ಅಧಿಕಾರಿ ಬರೆಯಬಹುದು. ವರದಿಯ ನಿಲುವು ತಪ್ಪು ಎಂದು ವಾದಿಸಬೇಕಾದ ಜಾಗ ನ್ಯಾಯಾಲಯದ ಕಟಕಟೆ. ವರ್ತನೆ ಸರಿಯಿರಲಿಲ್ಲ ಎನಿಸಿದರೆ ಕೌನ್ಸಿಲ್ ಮೇಲಿನ ದೂರು ಅಂಥ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಸ್ಥಳೀಯ ಆಡಳಿತದ ಒಂಬುಡ್ಸ್‌ಮನ್‌ಗೂ ಕಾಫ್ಕಾಸ್ ಮೇಲಿನ ದೂರು ಸಂಸದೀಯ ಒಂಬುಡ್ಸ್‌ಮನ್‌ಗೂ ಹೋಗುತ್ತದೆ. ಒಬ್ಬ ಸೋಷಿಯಲ್ ವರ್ಕರ್ ವೃತ್ತಿಗೇ ತಕ್ಕವರಲ್ಲ ಎನಿಸುವಷ್ಟು ಗಂಭೀರ ಆರೋಪವಿದ್ದರೆ 2019ರ ಡಿಸೆಂಬರ್‌ನಿಂದ ಕೆಲಸ ಮಾಡುತ್ತಿರುವ ‘ಸೋಷಿಯಲ್ ವರ್ಕ್ ಇಂಗ್ಲೆಂಡ್’ ಎಂಬ ನಿಯಂತ್ರಣ ಸಂಸ್ಥೆಯಿದೆ. ಇಲ್ಲಿ ಹೇಳುತ್ತಿರುವುದೆಲ್ಲ ಇಂಗ್ಲೆಂಡ್‌ನ ಮಾತು; ಸ್ಕಾಟ್‌ಲ್ಯಾಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ದೂರಿನ ನಿಯಮಗಳೂ ಸಂಸ್ಥೆಗಳೂ ಬೇರೆ.

ದೂರಿಗೂ ಮೊದಲು ತಟ್ಟಬಹುದಾದ ಇನ್ನೊಂದು ಬಾಗಿಲಿದೆ. ಆರೈಕೆಯಲ್ಲಿರುವ ಪ್ರತಿ ಮಗುವಿಗೂ ಐಆರ್‌ಒ ಎಂದು ಕರೆಯುವ ಸ್ವತಂತ್ರ ಪರಿಶೀಲನಾ ಅಧಿಕಾರಿ ಇರಬೇಕು. ಮಗು ಆರೈಕೆಗೆ ಬಂದ 20 ಕೆಲಸದ ದಿನದೊಳಗೆ, ಆಮೇಲೆ ಮೂರು ತಿಂಗಳೊಳಗೆ, ಅನಂತರ ಆರು ತಿಂಗಳಿಗೊಮ್ಮೆಯಾದರೂ ಪರಿಶೀಲನಾ ಸಭೆ ನಡೆಯಬೇಕು. ಭೇಟಿಯ ವ್ಯವಸ್ಥೆ ಮಗುವಿನ ಕೇರ್ ಪ್ಲಾನ್‌ನ, ಅಂದರೆ ಆರೈಕೆ ಯೋಜನೆಯ ಭಾಗ. ಅದು ಕಾಗದದ ಮೇಲೆ ಒಂದು, ನಡೆಯುತ್ತಿರುವುದು ಇನ್ನೊಂದು ಎಂದು ಐಆರ್‌ಒಗೆ ಬರೆದು ತಿಳಿಸಿದರೆ ಎಷ್ಟೋ ಸಲ ದೂರಿನ ಅಗತ್ಯವೇ ಬೀಳದು.

ಮೂರು ಹಂತ

ಮಕ್ಕಳ ಕಾಯ್ದೆಯ 26ನೇ ಸೆಕ್ಷನ್ ಮತ್ತು 2006ರ ನಿಯಮಾವಳಿ ಸೇರಿ ಮೂರು ಹಂತದ ದೂರು ಪದ್ಧತಿಯನ್ನು ಕಟ್ಟಿವೆ. ಘಟನೆ ನಡೆದ ಒಂದು ವರ್ಷದೊಳಗೆ ದೂರು ಕೊಡಬೇಕು. ಮಗು ತಾನೇ ಕೊಡಬಹುದು. ಆಗ ಅದರ ಪರವಾಗಿ ಮಾತಾಡುವ ಅಡ್ವೊಕೇಟ್ ಒಬ್ಬರನ್ನು ಕೌನ್ಸಿಲ್ ಒದಗಿಸಬೇಕು. ಹೆತ್ತವರು ಕೊಡಬಹುದು, ಫಾಸ್ಟರ್ ಪೋಷಕರು ಕೊಡಬಹುದು. ಮಗುವಿನ ಹಿತದಲ್ಲಿ ಸಾಕಷ್ಟು ಆಸಕ್ತಿಯುಳ್ಳ ಅಜ್ಜ ಅಜ್ಜಿಯೂ ಕೊಡಬಹುದು.

ಮೊದಲ ಹಂತದಲ್ಲಿ ಆ ವಿಭಾಗದ ಮ್ಯಾನೇಜರ್ 10 ಕೆಲಸದ ದಿನದೊಳಗೆ ಉತ್ತರಿಸಬೇಕು, ತೊಡಕಿನ ವಿಷಯವಾದರೆ 20. ಉತ್ತರ ತೃಪ್ತಿ ತರದಿದ್ದರೆ ಎರಡನೇ ಹಂತ. ಇಲ್ಲಿ ಒಬ್ಬ ತನಿಖಾಧಿಕಾರಿ ಕಡತ ಓದಿ, ಸಂಬಂಧಪಟ್ಟವರನ್ನು ಮಾತಾಡಿಸಿ ವರದಿ ಬರೆಯುತ್ತಾರೆ. ಅವರ ಜತೆಗೆ ಕೌನ್ಸಿಲ್‌ಗೆ ಸೇರದ ಸ್ವತಂತ್ರ ವ್ಯಕ್ತಿಯೊಬ್ಬರಿದ್ದು, ತನಿಖೆ ನ್ಯಾಯವಾಗಿ ನಡೆಯಿತೇ ಎಂದು ತಮ್ಮದೇ ವರದಿ ಕೊಡುತ್ತಾರೆ. ಅವಧಿ 25 ಕೆಲಸದ ದಿನ, ವಿಸ್ತರಿಸಿದರೆ 65. ಅದಕ್ಕೂ ಸಮಾಧಾನವಾಗದಿದ್ದರೆ 20 ಕೆಲಸದ ದಿನದೊಳಗೆ ಮೂರನೇ ಹಂತ ಕೇಳಬೇಕು. ಆಗ ಮೂವರು ಸ್ವತಂತ್ರ ಸದಸ್ಯರ ಪರಿಶೀಲನಾ ಮಂಡಳಿ 30 ಕೆಲಸದ ದಿನದೊಳಗೆ ಸೇರಬೇಕು. ಅದು ಐದು ದಿನದಲ್ಲಿ ಶಿಫಾರಸು ಕೊಡಬೇಕು, ಕೌನ್ಸಿಲ್ 15 ದಿನದಲ್ಲಿ ಉತ್ತರಿಸಬೇಕು.

ಎರಡನೇ ಹಂತಕ್ಕೆ ಹೋಗುವುದು ದೂರುದಾರರ ಹಕ್ಕು. ‘ನಾವು ಆಗಲೇ ಉತ್ತರಿಸಿದ್ದೇವೆ, ಇನ್ನು ತನಿಖೆಯಿಂದ ಹೊಸದೇನೂ ಸಿಗದು’ ಎಂದು ಕೌನ್ಸಿಲ್ ಬಾಗಿಲು ಹಾಕುವಂತಿಲ್ಲ. ಹಾಗೆ ಹಾಕಿದ ಕೌನ್ಸಿಲ್‌ಗಳನ್ನು ಒಂಬುಡ್ಸ್‌ಮನ್ ಮತ್ತೆ ಮತ್ತೆ ತಪ್ಪಿತಸ್ಥರೆಂದು ಕಂಡಿದ್ದಾರೆ.

ಮನೆಮಾತಿನ ಹಕ್ಕು

ಕನ್ನಡದ ಕುಟುಂಬಗಳಿಗೆ ನೇರವಾಗಿ ತಟ್ಟುವ ವಿಷಯವೊಂದಿದೆ. ಲಂಡನ್, ಸ್ಲೌ, ಮಿಲ್ಟನ್ ಕೀನ್ಸ್, ಮ್ಯಾಂಚೆಸ್ಟರ್ ಎಂದು ಕೆಲಸ ಅರಸಿ ಹೋದ ನಮ್ಮವರ ಮನೆಗಳಲ್ಲಿ ಪುಟ್ಟ ಮಕ್ಕಳು ಮೊದಲು ಕಲಿಯುವುದು ಕನ್ನಡವನ್ನೇ. ಅಂಥ ಮಗು ಕನ್ನಡ ಬಾರದ ಫಾಸ್ಟರ್ ಮನೆಗೆ ಹೋದರೆ, ಅದರ ಕಿವಿಗೆ ಮನೆಮಾತು ಬೀಳುವುದು ಭೇಟಿಯ ಗಂಟೆಯಲ್ಲಿ ಮಾತ್ರ. ಆ ಗಂಟೆಯಲ್ಲೂ ‘ಇಂಗ್ಲಿಷ್‌ನಲ್ಲೇ ಮಾತಾಡಿ, ಮೇಲ್ವಿಚಾರಕಿಗೆ ತಿಳಿಯಬೇಕು’ ಎಂಬ ಷರತ್ತು ಬಂದರೆ, ಅಮ್ಮ ತನ್ನ ಮಗುವಿನ ಎದುರು ತಡವರಿಸುವ ಇಂಗ್ಲಿಷ್‌ನಲ್ಲಿ ಪರಕೀಯಳಾಗಿ ಕೂರುತ್ತಾಳೆ. ಮೇಲ್ವಿಚಾರಕಿ ತನ್ನ ವರದಿಯಲ್ಲಿ ‘ತಾಯಿ ಹೆಚ್ಚು ಮಾತಾಡಲಿಲ್ಲ’ ಎಂದು ಬರೆದರೆ ಆ ಸಾಲು ನ್ಯಾಯಾಲಯದವರೆಗೂ ಹೋಗಬಹುದು.

ಮೇಲ್ವಿಚಾರಣೆಗೆ ನಿಜವಾದ ಕಾರಣವಿರುತ್ತದೆ. ಮೊಕದ್ದಮೆಯ ವಿಷಯವನ್ನು ಮಗುವಿನ ಕಿವಿಯಲ್ಲಿ ಊದಬಾರದು, ಹೆದರಿಸಬಾರದು ಎಂಬುದು ನ್ಯಾಯವೇ. ಅದಕ್ಕೆ ಪರಿಹಾರ ದುಭಾಷಿಯನ್ನು ಕರೆಸುವುದು, ಕನ್ನಡ ಬಲ್ಲ ಮೇಲ್ವಿಚಾರಕರನ್ನು ಹುಡುಕುವುದು. ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ತೀರ್ಮಾನ ಕೈಗೊಳ್ಳುವಾಗ ಮಗುವಿನ ಧರ್ಮ, ಜನಾಂಗೀಯ ಮೂಲ, ಸಂಸ್ಕೃತಿ, ಭಾಷೆ ಎಲ್ಲವನ್ನೂ ಕೌನ್ಸಿಲ್ ಗಮನಿಸಬೇಕು. ಬ್ರಿಟನ್ 1991ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಇದನ್ನೇ ಹೇಳುತ್ತದೆ: 9ನೇ ವಿಧಿ ಹೆತ್ತವರೊಡನೆ ನೇರ ಒಡನಾಟವನ್ನು, 20ನೇ ವಿಧಿ ಭಾಷೆ ಮತ್ತು ಸಂಸ್ಕೃತಿಯ ನಿರಂತರತೆಯನ್ನು ಕಾಯುತ್ತದೆ. ದುಭಾಷಿ ಬೇಕೆಂದು ಕೇಳಿದ್ದೂ ಸಿಗದಿದ್ದುದೂ ಬರವಣಿಗೆಯಲ್ಲಿದ್ದರೆ ಅದು ಗಟ್ಟಿಯಾದ ದೂರು.

ಊರಿನಲ್ಲಿರುವ ಅಜ್ಜಿಯೂ ಈ ಲೆಕ್ಕದಲ್ಲಿದ್ದಾಳೆ. ಇಂಗ್ಲೆಂಡ್‌ನಲ್ಲಿ ಚಳಿಗಾಲದ ಸಂಜೆ ನಾಲ್ಕಾದಾಗ ಧಾರವಾಡದಲ್ಲಿ ರಾತ್ರಿ ಒಂಬತ್ತೂವರೆ. ಶಾಲೆ ಬಿಟ್ಟ ಮೇಲೆ ವಾರಕ್ಕೊಮ್ಮೆ ವಿಡಿಯೊ ಕರೆ ಮಾಡಿಸುವುದು ಯಾವ ಕೌನ್ಸಿಲ್‌ಗೂ ಅಸಾಧ್ಯವಾದ ಕೆಲಸವಲ್ಲ. ಆ ಕರೆಯನ್ನು ಕೇರ್ ಪ್ಲಾನ್‌ನಲ್ಲಿ ಬರೆಸಬೇಕು. ಬರೆಸಿದ ಮೇಲೆ ತಪ್ಪಿದರೆ ಕೇಳಬಹುದು.

ಬರೆಯುವ ಬಗೆ

‘ನನ್ನನ್ನು ಕಂಡರೆ ನಿಮಗೆ ಆಗುವುದಿಲ್ಲ, ನನ್ನ ಮಗುವನ್ನು ದೂರ ಮಾಡುತ್ತಿದ್ದೀರಿ’ ಎಂಬ ಪತ್ರದಲ್ಲಿ ನೋವಿದೆ, ತನಿಖೆ ಮಾಡಲು ಬೇಕಾದದ್ದಿಲ್ಲ. ಯಾವ ತಾರೀಖು, ಎಷ್ಟು ಗಂಟೆ, ಯಾರು ಹೇಳಿದರು, ಕೇರ್ ಪ್ಲಾನ್‌ನಲ್ಲಿ ಏನಿತ್ತು, ನಡೆದದ್ದೇನು, ಮಗುವಿಗೆ ಅದರಿಂದ ಏನಾಯಿತು, ಈಗ ಏನಾಗಬೇಕು ಎಂಬಿಷ್ಟನ್ನು ಸಂಖ್ಯೆ ಹಾಕಿ ಬರೆದರೆ ಪ್ರತಿ ಸಾಲಿಗೂ ಕೌನ್ಸಿಲ್ ‘ಹೌದು’ ಅಥವಾ ‘ಇಲ್ಲ’ ಎನ್ನಲೇಬೇಕಾಗುತ್ತದೆ. ಭೇಟಿ ರದ್ದಾದ ದಿನವೇ ಎರಡು ಸಾಲಿನ ಇಮೇಲ್ ಕಳಿಸುವುದು ಒಳ್ಳೆಯ ಅಭ್ಯಾಸ: ‘ಇವತ್ತಿನ ಭೇಟಿ ಈ ಕಾರಣ ಹೇಳಿ ರದ್ದಾಯಿತು, ಬದಲಿ ದಿನ ಯಾವುದು ತಿಳಿಸಿ.’ ಉತ್ತರ ಬಂದರೆ ಭೇಟಿ ಸಿಗುತ್ತದೆ, ಬರದಿದ್ದರೆ ದಾಖಲೆ ಸಿಗುತ್ತದೆ.

ತಮ್ಮ ಬಗ್ಗೆ ಕಡತದಲ್ಲಿ ಏನಿದೆ ಎಂದು ಕೇಳುವ ಹಕ್ಕು ಬ್ರಿಟನ್ನಿನ ದತ್ತಾಂಶ ರಕ್ಷಣಾ ಕಾನೂನಿನಲ್ಲಿದೆ. ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರ ಬರಬೇಕು, ತೊಡಕಿದ್ದರೆ ಇನ್ನೆರಡು ತಿಂಗಳು. ಬೇರೆಯವರ ವಿವರ ಅಳಿಸಿರುತ್ತಾರೆ. ಆದರೂ ಭೇಟಿಯ ಟಿಪ್ಪಣಿಗಳು ಬಹಳಷ್ಟು ಹೇಳುತ್ತವೆ. ಒಂಟಿಯಾಗಿ ಇಷ್ಟೆಲ್ಲ ಮಾಡಲಾಗದವರಿಗೆ 1974ರಿಂದ ಕೆಲಸ ಮಾಡುತ್ತಿರುವ ‘ಫ್ಯಾಮಿಲಿ ರೈಟ್ಸ್ ಗ್ರೂಪ್’ ಎಂಬ ಸೇವಾಸಂಸ್ಥೆ ಉಚಿತ ಸಲಹೆ ಕೊಡುತ್ತದೆ.

ದೂರು ಬರೆಯುವಾಗ ಮಗುವಿನ ಕಡೆಯಿಂದಲೂ ನೋಡಬೇಕು. ಕೆಲವು ಭೇಟಿಗಳು ನಿಲ್ಲಲೇಬೇಕು. ಹೊಡೆತ ತಿಂದ ಮಗು ಹೊಡೆದವರನ್ನು ಕಂಡು ನಡುಗುತ್ತಿದ್ದರೆ ಅದನ್ನು ಕಾಯುವುದು ಕೌನ್ಸಿಲ್‌ನ ಮೊದಲ ಕೆಲಸ. ‘ನಾನು ಬರಲ್ಲ’ ಎಂದು ಮಗುವೇ ಹೇಳಿದರೆ ಆ ಮಾತಿಗೂ ಬೆಲೆಯಿದೆ. ಆಗಲೂ ಕೌನ್ಸಿಲ್ ಮಾಡಬೇಕಾದ್ದು ಇದೆ: ಮಗು ಏನು ಹೇಳಿತು, ಯಾರೆದುರು ಹೇಳಿತು, ಪತ್ರ, ಫೋಟೊ, ಫೋನ್‌ನಂಥ ಬೇರೆ ದಾರಿ ಯೋಚಿಸಿದರೇ ಎಂಬುದನ್ನು ದಾಖಲಿಸಬೇಕು, ಹೆತ್ತವರಿಗೆ ತಿಳಿಸಬೇಕು. ಸರಿಯಾದ ತೀರ್ಮಾನವನ್ನೂ ಕಾರಣ ಹೇಳದೆ ಜಾರಿ ಮಾಡಿದರೆ ಅದು ಅನ್ಯಾಯವಾಗಿಯೇ ಕಾಣುತ್ತದೆ.

ಒಂಬುಡ್ಸ್‌ಮನ್‌ರ ಕೈ ಎಷ್ಟು ಉದ್ದ

ಮೂರು ಹಂತ ಮುಗಿದರೂ ನ್ಯಾಯ ಸಿಗಲಿಲ್ಲ ಎನಿಸಿದರೆ ಸ್ಥಳೀಯ ಆಡಳಿತ ಮತ್ತು ಸಾಮಾಜಿಕ ಆರೈಕೆಯ ಒಂಬುಡ್ಸ್‌ಮನ್ ಇದ್ದಾರೆ. 1974ರ ಕಾನೂನಿನಿಂದ ಹುಟ್ಟಿದ ಈ ಸಂಸ್ಥೆಗೆ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಡ. ವಿಷಯ ತಿಳಿದ 12 ತಿಂಗಳೊಳಗೆ ಬರಬೇಕೆಂಬುದು ಸಾಮಾನ್ಯ ನಿಯಮ. ತಕ್ಕ ಕಾರಣವಿದ್ದರೆ ಸಡಿಲಿಕೆಯುಂಟು. ನ್ಯಾಯಾಲಯ ತೀರ್ಮಾನಿಸಿದ್ದನ್ನು ಅವರು ಮುಟ್ಟುವುದಿಲ್ಲ. ಕೌನ್ಸಿಲ್‌ನ ನಡೆಯಲ್ಲಿ ಲೋಪವಿತ್ತೇ, ಅದರಿಂದ ಯಾರಿಗೆ ತೊಂದರೆಯಾಯಿತು ಎಂಬ ಎರಡೇ ಪ್ರಶ್ನೆ ಅವರದು. ಲೋಪ ಕಂಡರೆ ಕ್ಷಮೆ ಕೇಳಲು, ಭೇಟಿಯ ವ್ಯವಸ್ಥೆಯನ್ನು ಮತ್ತೆ ಪರಿಶೀಲಿಸಲು, ಸಿಬ್ಬಂದಿಗೆ ತರಬೇತಿ ಕೊಡಲು, ಅನುಭವಿಸಿದ ಸಂಕಟಕ್ಕೆ ಸಾಂಕೇತಿಕ ಮೊತ್ತ ಕೊಡಲು ಶಿಫಾರಸು ಮಾಡುತ್ತಾರೆ. ತಪ್ಪಿಹೋದ ಒಂದು ಹುಟ್ಟುಹಬ್ಬಕ್ಕೆ ಕೆಲವು ನೂರು ಪೌಂಡ್ ಪರಿಹಾರವಾಗದು ಎಂಬುದು ಅವರಿಗೂ ಗೊತ್ತು. ಆದರೆ ‘ತಪ್ಪು ನಡೆದಿದೆ’ ಎಂದು ಹೊರಗಿನವರೊಬ್ಬರು ಬರೆದುಕೊಟ್ಟ ಕಾಗದಕ್ಕೆ ಮುಂದಿನ ಪರಿಶೀಲನಾ ಸಭೆಯಲ್ಲಿ ತೂಕವಿರುತ್ತದೆ.

ಇಪ್ಪತ್ತೇಳು ವಾರ

ಈಗ ಒಂದು ಲೆಕ್ಕ ಹಾಕೋಣ. ಮೂರು ಹಂತಗಳ ಗರಿಷ್ಠ ಗಡುವುಗಳನ್ನು ಕೂಡಿದರೆ 135 ಕೆಲಸದ ದಿನ, ಅಂದರೆ 27 ವಾರ. ಹೆತ್ತವರು ಯೋಚಿಸಲು ತೆಗೆದುಕೊಳ್ಳುವ ದಿನಗಳೂ ಒಂಬುಡ್ಸ್‌ಮನ್‌ರ ತನಿಖೆಯೂ ಇದರ ಹೊರಗೆ. ಮಗುವನ್ನು ಮನೆಯಿಂದ ತೆಗೆಯಬೇಕೇ ಎಂಬ ಇಡೀ ಮೊಕದ್ದಮೆಯನ್ನು 26 ವಾರದೊಳಗೆ ಮುಗಿಸಬೇಕೆಂದು 2014ರಿಂದ ಕಾನೂನು ಹೇಳುತ್ತಿದೆ. ಮಗುವಿನ ಬದುಕನ್ನೇ ತೀರ್ಮಾನಿಸಲು ಕೊಟ್ಟ ಕಾಲಕ್ಕಿಂತ, ತಪ್ಪಿದ ಭೇಟಿಗಳ ಲೆಕ್ಕ ಒಪ್ಪಿಸಲು ಕೊಟ್ಟ ಕಾಲ ಹೆಚ್ಚು. ಒಂದು ವರ್ಷದ ಕೂಸಿಗೆ 27 ವಾರವೆಂದರೆ ಅದು ಅಷ್ಟರವರೆಗೆ ಬದುಕಿದ ಬದುಕಿನ ಅರ್ಧಕ್ಕಿಂತ ಹೆಚ್ಚು. ಅಷ್ಟರಲ್ಲಿ ಅದು ನಡೆಯಲು ಕಲಿತಿರುತ್ತದೆ, ಒಂದು ಮುಖವನ್ನು ಮರೆತಿರಲೂಬಹುದು.

ಈ ಗಡುವುಗಳನ್ನು ಎಲ್ಲ ಬಗೆಯ ದೂರುಗಳಿಗೂ ಒಂದೇ ಅಳತೆಯಲ್ಲಿ ಹೊಲಿದಿದ್ದೇ ತಪ್ಪು. ಭತ್ಯೆಯ ಬಾಕಿ ಆರು ತಿಂಗಳ ನಂತರ ಬಂದರೂ ಅದು ಅದೇ ಹಣ. ಆರು ತಿಂಗಳ ನಂತರ ಕೊಟ್ಟ ಭೇಟಿ ಅದೇ ಭೇಟಿಯಲ್ಲ, ಏಕೆಂದರೆ ಅಷ್ಟರಲ್ಲಿ ಮಗುವೇ ಬೇರೆಯಾಗಿರುತ್ತದೆ. ಆದ್ದರಿಂದ ಭೇಟಿಯ ದೂರುಗಳನ್ನು ಪ್ರತ್ಯೇಕವಾಗಿ ನೋಡಬೇಕು. ತಪ್ಪಿದ ಭೇಟಿಗೆ ಒಂದು ವಾರದೊಳಗೆ ಬದಲಿ ದಿನ ಸಿಗಬೇಕು. ಸತತ ಎರಡು ಭೇಟಿ ತಪ್ಪಿದರೆ ಯಾರೂ ಕೇಳದೆಯೇ ಐಆರ್‌ಒಗೆ ಸುದ್ದಿ ಹೋಗಬೇಕು. ತನಿಖೆ ನಡೆಯುವಷ್ಟು ಕಾಲವೂ ಭೇಟಿ ಮುಂದುವರಿಯಬೇಕು. ದೂರು ಕೊಟ್ಟದ್ದೇ ಭೇಟಿಯನ್ನು ತಡಮಾಡಲು ಕಾರಣವಾಗಬಾರದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಇವತ್ತಿನ ನಿಯಮಗಳು ಹೇಳುವುದು ಗರಿಷ್ಠ ಗಡುವನ್ನು. ಅದಕ್ಕೂ ಮೊದಲು ಮುಗಿಸಬೇಡಿ ಎಂದು ಅವು ಯಾವ ಕೌನ್ಸಿಲ್‌ಗೂ ಹೇಳುವುದಿಲ್ಲ.

ಸೋಷಿಯಲ್ ವರ್ಕರ್‌ಗಳ ಮೇಲೆ ಹೊರೆ ಹೆಚ್ಚಿದೆ, ಮೇಲ್ವಿಚಾರಕರು ಸಿಗುವುದಿಲ್ಲ, ಹಣವಿಲ್ಲ ಎಂಬುದೆಲ್ಲ ನಿಜ. ಆದರೆ ಬೇರೆಯವರ ಮಗುವನ್ನು ಬೆಳೆಸುವ ಅಧಿಕಾರವನ್ನು ನ್ಯಾಯಾಲಯದಲ್ಲಿ ಕೇಳಿ ಪಡೆದವರಿಗೆ ಆ ಕೆಲಸದ ಒಂದು ಭಾಗ ಮಾತ್ರ ಸಾಧ್ಯ ಎನ್ನುವ ಸ್ವಾತಂತ್ರ್ಯವಿಲ್ಲ. ಊಟ, ಶಾಲೆ, ಹಾಸಿಗೆಯ ಸಾಲಿನಲ್ಲೇ ಭೇಟಿಯೂ ಬರುತ್ತದೆ. ಇಂದು ಮಗುವಿಗೆ ಊಟ ತಪ್ಪಿತು, ಮುಂದಿನ ವಾರ ನೋಡೋಣ ಎಂದು ಯಾವ ಕೌನ್ಸಿಲ್ ಕೂಡ ಹೇಳದು. ಭೇಟಿ ತಪ್ಪಿದಾಗಲೂ ಹಾಗೆ ಹೇಳದಂತೆ ಮಾಡುವುದೇ ಈ ಎಲ್ಲ ದೂರುಗಳ ಗುರಿ. ಅದಕ್ಕಾಗಿ ಹೆತ್ತವರು ತಾರೀಖು ಹಾಕಿ, ಸಹಿ ಮಾಡಿ, ಪ್ರತಿ ಸಲವೂ ಕೇಳಬೇಕು.